ಚೆನ್ನಪ್ಪಣ್ಣನನ್ನು ಎಬ್ಬಿಸಿದ್ದು ಯಾರು?

"ಬಾಯಿಬಿಟ್ಟು ಓದು ಮಾರಾಯ್ತಿ," ಎಂದಳು ಈಶ್ವರಿ. "ಕಣ್ಣಲ್ಲೇ ಓದಿದರೆ ಕಣ್ಣು ತನಗೆ ಬೇಕಾದ್ದನ್ನು ಮಾತ್ರ ಓದಿಕೊಳ್ತದೆ."

"ಎಷ್ಟು ಸಲ ಅಕ್ಕ? ಗಂಟಲು ಒಣಗಿತು."

"ಒಣಗಲಿ. ಕೆಳಗೆ ಕಬ್ಬಿನಹಾಲಿನ ಗಾಡಿ ಉಂಟು, ಆಮೇಲೆ ಕುಡಿಯುವ."

ಮುಹ್ಸಿನಾ ಹಳೆಯ ಕೈಪಿಡಿಯ ಪುಟ ತಿರುಗಿಸಿದಳು. ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳು ಪಾಠ ಹೇಳುವವಳು. ಇವತ್ತು ಮಧ್ಯಾಹ್ನದ ಕ್ಲಾಸಿಗೆ ರಜೆ ಕೊಟ್ಟಿದ್ದಳು. ಮರ್ಕಂಜದ ತೀರ್ಥರಾಮನ ಹೊಗೆಗೂಡು ಉರಿದು, ಅವನ ಎರಡೂ ಕೈ ಬೆಂದು ವಾರವಾಗಿತ್ತು. ಅದಕ್ಕೆಲ್ಲ ಮುಹ್ಸಿನಾಳೇ ಕಾರಣ ಎಂದು ಅವನ ಮನೆಯವರು ಹೇಳತೊಡಗಿದ್ದು ಮಾತ್ರ ನಿನ್ನೆಯಿಂದ.

"ಸಂಪಾಜೆಯ ಚೆನ್ನಪ್ಪ ಹೇಳುದು," ಎಂದು ಅವಳು ಶುರುಮಾಡಿದಳು. "ರಾತ್ರಿ ಕರೆಂಟು ಹೋಯ್ತು. ನಾನು ಗೂಡಿನ ಬಾಗಿಲಲ್ಲೇ ಮಲಗಿದವ, ನಿದ್ದೆ ಬಂತು. ಕರೆಂಟು ವಾಪಸು ಬಂತು, ಫ್ಯಾನು ತಾನೇ ತಿರುಗಿತು, ಒಲೆಯ ಬೆಂಕಿಯನ್ನು ಸೀದಾ ಒಳಗೆ ಎಳೆಯಿತು. ಅಮ್ಮು ಬಂದು ಎಬ್ಬಿಸಿದ ಕಾರಣ ನಾನು ಉಳಿದೆ. 'ಕರೆಂಟು ಬಂದಾಗ ತಾನಾಗಿ ಶುರು' ಅಂತ ಒಂದು ಉಂಟು. ಅದನ್ನು ಮೊದಲು ಆಫ್ ಮಾಡಿ, ಬಾಕಿ ಮಾತು ಆಮೇಲೆ."

"ಅಮ್ಮು ಅಂದ್ರೆ?"

"ಚೆನ್ನಪ್ಪಣ್ಣನ ಹೆಂಡತಿ."

ಈಶ್ವರಿ ತಲೆಯಾಡಿಸಿದಳು. ಅವಳು ಪುತ್ತೂರಿನ ವಿಮಾ ಸರ್ವೇಯರ್. ಈ ಸೀಮೆಯಲ್ಲಿ ಏನು ಉರಿದರೂ, ಏನು ಮುಳುಗಿದರೂ ಕಂಪನಿಯವರು ಮೊದಲು ಕಳಿಸುವುದು ಇವಳನ್ನು. ಉರಿದ ಲಾರಿ ನೋಡಿದ್ದಳು, ಉರಿದ ಬೇಕರಿ ನೋಡಿದ್ದಳು, ತೀರ್ಥರಾಮನ ಗೂಡನ್ನೂ ಒಳಹೊಕ್ಕು ನೋಡಿಬಂದಿದ್ದಳು. ಬರೆದ ಪುಸ್ತಕದಿಂದಾಗಿ ಗೂಡು ಉರಿಯಿತು ಎನ್ನುವುದನ್ನು ಕೇಳಿದ್ದು ಇದೇ ಮೊದಲು.

ರಬ್ಬರ್ ಶೀಟನ್ನು ಹೊಗೆಯಲ್ಲಿ ಒಣಗಿಸುವ ಕೋಣೆಯೇ ಹೊಗೆಗೂಡು. ಹೊರಗಿನ ಒಲೆಯಿಂದ ಒಳಕ್ಕೆ ಎಷ್ಟು ಹೊಗೆ ಹೋಗಬೇಕು, ಫ್ಯಾನು ಯಾವಾಗ ತಿರುಗಬೇಕು ಎಂದು ನೋಡಿಕೊಳ್ಳುವ ಒಂದು ಸಾಫ್ಟ್‌ವೇರಿದೆ. ಹೆಸರು 'ಬೆಚ್ಚ'. ಐವರ್ನಾಡಿನ ಮುರಳಿಕೃಷ್ಣ ತನ್ನ ದೊಡ್ಡ ಗೂಡಿಗೆಂದು ಬರೆದು, ಬೇಕಾದವರು ತೆಗೆದುಕೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಊರಿಗೆಲ್ಲ ಬಿಟ್ಟುಕೊಟ್ಟದ್ದು. ಅದರ ಕೈಪಿಡಿಯನ್ನು ಡಾಕ್‌ಬುಕ್ ಎಂಬ ಹಳೆಯ ಕಡತದ ಮಾದರಿಯಿಂದ ಮಾರ್ಕ್‌ಡೌನ್ ಎಂಬ ಹೊಸ ಮಾದರಿಗೆ ದಾಟಿಸುವ ಕೆಲಸವನ್ನು, ಸಂಬಳವಿಲ್ಲದೆ, ಕೈ ಎತ್ತಿ ತೆಗೆದುಕೊಂಡವಳು ಮುಹ್ಸಿನಾ.

"ಹಳೆಯದಕ್ಕೆ ಎಂತ ಆಗಿತ್ತು? ಚಂದ ಇತ್ತಲ್ಲ."

"ಫೋನಲ್ಲಿ ಓದ್ಲಿಕ್ಕೆ ಆಗ್ತಿರ್ಲಿಲ್ಲ ಅಕ್ಕ. ಅದನ್ನು ಪುಟ ಮಾಡಿಕೊಡುವ ಹಳೆ ಪ್ರೋಗ್ರಾಂ ಈಗಿನ ಕಂಪ್ಯೂಟರಲ್ಲಿ ಓಡುದೂ ಇಲ್ಲ. ಗೂಡಿನ ಹತ್ತಿರ ನಿಂತವರು ನೋಡುದು ಫೋನಲ್ಲೇ ಅಲ್ವಾ?"

"ಸರಿ. ಈಗ ಈ ಚೆನ್ನಪ್ಪಣ್ಣ ಎಲ್ಲಿಗೆ ಹೋದ?"

ಮುಹ್ಸಿನಾ ಪರದೆಯ ಮೇಲೆ ಹಳೆಯ ಕಡತ ತೆರೆದಳು. ಪ್ರತಿಯೊಂದು ಸಾಲಿನ ಹಿಂದೆ ಮುಂದೆ ಕೊಕ್ಕೆ ಹಾಕಿದ ಗುರುತುಗಳು. ಇದು ಶಿರೋನಾಮೆ, ಇದು ಪಟ್ಟಿ, ಇದು ಚಿತ್ರ. ಚೆನ್ನಪ್ಪನ ಮಾತಿನ ಸುತ್ತ ಮಾತ್ರ ಕನ್ನಡದಲ್ಲೇ 'ಮಾತು' ಎಂಬ ಗುರುತು.

"ಇದು ಬೇರೆ ಯಾವ ಕೈಪಿಡಿಯಲ್ಲಿಯೂ ಇಲ್ಲ. ಮುರಳಿ ಸರ್ ಮಾಡಿದ್ದು. ಎಚ್ಚರಿಕೆ ಅಂತ ಕೆಂಪು ಅಕ್ಷರದಲ್ಲಿ ಬರೆದರೆ ನಮ್ಮವರು ಓದುದಿಲ್ಲ, ಚೆನ್ನಪ್ಪನಿಗೆ ಹೀಗಾಯ್ತಂತೆ ಅಂತ ಬರೆದರೆ ಬಿಡದೆ ಓದ್ತಾರೆ ಅಂತ. ಹಾಗಾಗಿ ಯಾರಿಗೆ ಪೆಟ್ಟಾಗಿದೆಯೋ ಅವರ ಮನೆಗೇ ಹೋಗಿ, ರೆಕಾರ್ಡ್ ಮಾಡಿ, ಅವರ ಮಾತನ್ನು ಅವರ ಹೆಸರಲ್ಲೇ ಹಾಕುದು. ಎಚ್ಚರಿಕೆ ಇರುದೆಲ್ಲ ಈ 'ಮಾತು'ಗಳಲ್ಲಿ ಮಾತ್ರ."

"ಒಳ್ಳೆದೇ."

"ಒಳ್ಳೆದೇ ಅಕ್ಕ. ನಾನು ಕೆಡಿಸಿದೆ." ಅವಳ ಸ್ವರ ಇಳಿಯಿತು. "ದಾಟಿಸ್ಲಿಕ್ಕೆ ಒಂದು ಪ್ರೋಗ್ರಾಂ ಬರೆದೆ. ಪರಿಚಯ ಇಲ್ಲದ ಗುರುತು ಸಿಕ್ಕಿದಲ್ಲೆಲ್ಲ ಅದು ನಿಂತುಬಿಡ್ತಿತ್ತು. ಹಳೆ ಕಾಲದ ಉಪಯೋಗಕ್ಕಿಲ್ಲದ ಗುರುತುಗಳು ತುಂಬ ಇದ್ದವು. ಎಷ್ಟು ಅಂತ ಎಬ್ಬಿಸುದು? ಕಡೆಗೆ ಬೇಜಾರು ಬಂದು, ಗೊತ್ತಿಲ್ಲದ್ದು ಸಿಕ್ಕಿದರೆ ಬಿಟ್ಟು ಮುಂದೆ ಹೋಗು ಅಂತ ಬರೆದೆ. ಅದು ಹೋಯ್ತು. ಎಲ್ಲರ ಮಾತನ್ನೂ ಬಿಟ್ಟು ಹೋಯ್ತು."

ಈಶ್ವರಿ ಮೇಜಿನ ಕಡೆ ತಿರುಗಿದಳು.

ಮೇಜಿನ ಮೇಲೆ ತೀರ್ಥರಾಮನ ಮನೆಯವರು ಕೊಟ್ಟುಹೋದ ಹಾಳೆ ಬಿದ್ದಿತ್ತು. 'ಎಚ್ಚರಿಕೆ ತಪ್ಪಿಹೋದದ್ದು ನನ್ನಿಂದ' ಎಂದು ಟೈಪು ಮಾಡಿ, ಕೆಳಗೆ ಅವಳ ಹೆಸರು. ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಪೊಲೀಸ್ ದೂರು. ಸಹಿ ಹಾಕಿದರೆ ಈ ಕೇಂದ್ರದ ಕೆಲಸ ಉಳಿಯುವುದಿಲ್ಲ. ತೀರ್ಥರಾಮನಿಗೆ ಆ ಸಹಿ ಯಾಕೆ ಬೇಕೆಂದು ಈಶ್ವರಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕದಲ್ಲೇ ಎಚ್ಚರಿಕೆ ಇರಲಿಲ್ಲ ಎಂದಾದರೆ ಅವನದು ಅಜಾಗರೂಕತೆಯಲ್ಲ, ವಿಮೆಯ ಹಣಕ್ಕೆ ತಡೆಯಿಲ್ಲ.

"ನಾನೇ ಹೋಗಿ ಹಾಕಿಬರ್ತೇನೆ ಅಕ್ಕ. ತಪ್ಪು ನನ್ನದೇ ಅಲ್ವಾ?"

"ಕೂತ್ಕೊ. ಹೊಸ ಕೈಪಿಡಿ ಪೂರ್ತಿ ತೆಗಿ. ಓದುವ."

"ಪೂರ್ತಿಯಾ?"

"ಉರಿದ ಮನೆಗೆ ಹೋದರೆ ನಾನು ಉರಿಯದ ಕೋಣೆಯನ್ನೂ ನೋಡ್ತೇನೆ."

ಓದಿದರು. ಸಣ್ಣ ಗೂಡಿನ ಪುಟದಲ್ಲಿ ಯಾರ ಮಾತೂ ಇಲ್ಲ. ಒಲೆಯ ಪುಟದಲ್ಲಿ ಇಲ್ಲ, ವಯರಿಂಗಿನ ಪುಟದಲ್ಲಿ ಇಲ್ಲ. ಮೊದಲು ಜನ ತುಂಬಿದ್ದ ಪುಸ್ತಕ ಈಗ ಎಲ್ಲರೂ ಎದ್ದುಹೋದ ಚಪ್ಪರದ ಹಾಗಿತ್ತು. ದೊಡ್ಡ ಗೂಡಿನ ಪುಟಕ್ಕೆ ಬಂದಾಗ ಮುಹ್ಸಿನಾ ಅರ್ಧದಲ್ಲೇ ನಿಂತಳು.

"ಓದು, ಓದು."

"ಸಂಪಾಜೆಯ ಚೆನ್ನಪ್ಪ ಹೇಳುದು. ಕರೆಂಟು ಹೋಗಿ ಬಂದಾಗ ಫ್ಯಾನು ತಾನೇ ತಿರುಗಿ ಬೆಂಕಿಯನ್ನು ಒಳಗೆ ಎಳೆಯಿತು. ನಾನು ಒಳ್ಳೆ ನಿದ್ದೆಯಲ್ಲಿ. ನಾಯಿ ಬಂದು ಕಂಬಳಿ ಎಳೆಯದಿದ್ದರೆ ಇವತ್ತು ಹೇಳ್ಲಿಕ್ಕೆ ನಾನಿಲ್ಲ. 'ತಾನಾಗಿ ಶುರು' ಇರುವುದನ್ನು ಆಫ್ ಮಾಡಿಯೇ ಮಲಗಿ."

ಅವಳು ಕುರ್ಚಿಯನ್ನು ಹಿಂದೆ ತಳ್ಳಿದಳು. "ಇದು ಇಲ್ಲಿ ಇರ್ಲಿಕ್ಕೇ ಸಾಧ್ಯ ಇಲ್ಲ."

"ಯಾಕೆ? ಪ್ರೋಗ್ರಾಂ ಒಂದನ್ನು ಉಳಿಸಿರಬಹುದು."

"ಇಲ್ಲ ಅಕ್ಕ. ಅದಕ್ಕೆ ದಯೆದಾಕ್ಷಿಣ್ಯ ಇಲ್ಲ. ಬಿಟ್ಟರೆ ಎಲ್ಲವನ್ನೂ ಬಿಡ್ತದೆ. ಇದನ್ನು ಯಾರೋ ಆಮೇಲೆ ಕೈಯಲ್ಲಿ ಬರೆದು ಸೇರಿಸಿದ್ದು."

ಈಶ್ವರಿ ಮುಂದಕ್ಕೆ ಬಾಗಿದಳು. "ಬೆಂಕಿ ಬಿದ್ದ ಮೇಲೆಯಾ?"

"ಬೆಂಕಿಗಿಂತ ಮೊದಲೇ. ಬೆಂಕಿ ಬಿದ್ದ ಮೇಲೆ ನಾನು ಇದನ್ನು ಮುಟ್ಟಲೇ ಇಲ್ಲ."

ಹಾಗಾದರೆ ಎಚ್ಚರಿಕೆಗಳೆಲ್ಲ ಮಾಯವಾದದ್ದು ಒಬ್ಬರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವರು ಒಂದನ್ನು ಮಾತ್ರ, ಒಂದು ಪುಟದಲ್ಲಿ ಮಾತ್ರ ವಾಪಸು ಹಾಕಿ, ಬಾಕಿಯದರ ಬಗ್ಗೆ ಬಾಯಿ ಮುಚ್ಚಿಕೊಂಡರು.

"ಯಾರಿಗೆಲ್ಲ ಹೀಗೆ ಸೇರಿಸ್ಲಿಕ್ಕೆ ಆಗ್ತದೆ?"

"ಯಾರಿಗೂ ಆಗ್ತದೆ. ಪುಟದ ಕೊನೆಯಲ್ಲಿ 'ಈ ಪುಟ ತಿದ್ದಿ' ಅಂತ ಉಂಟಲ್ಲ. ಹೆಸರು ಹೇಳದೆಯೂ ಕಳಿಸಬಹುದು. ದಾಟಿಸುವ ಸಮಯದಲ್ಲಿ ರಾಶಿ ಬಂತು, ಅಲ್ಲಿ ಚುಕ್ಕೆ ಇಲ್ಲ, ಇಲ್ಲಿ ಸಾಲು ಓರೆ ಅಂತ. ನಾನು ಓದದೆ ಎಲ್ಲವನ್ನೂ ಸೇರಿಸಿ, ಒಟ್ಟು ಒಂದೇ ಕಟ್ಟು ಮಾಡಿ ಹಾಕಿದೆ." ಅವಳು ಪರದೆಯ ಮೇಲಿನ ತನ್ನ ಹೆಸರು ತೋರಿಸಿದಳು. "ನನ್ನ ಹೆಸರಲ್ಲಿ."

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಇಷ್ಟು ಹೊತ್ತು ಅವಳದು ಕೈತಪ್ಪು. ಇನ್ನು ಮೇಲೆ ಊರವರ ಕಣ್ಣಿಗೆ ಅವಳು, ಗೊತ್ತಿದ್ದೂ ಒಂದನ್ನು ಸರಿಮಾಡಿ ಉಳಿದದ್ದನ್ನು ಬೇಕೆಂದೇ ಬಿಟ್ಟವಳು.

"ಸಹಿ ಹಾಕ್ಬೇಡ," ಎಂದಳು ಈಶ್ವರಿ, ಹೆಲ್ಮೆಟ್ ಎತ್ತಿಕೊಳ್ಳುತ್ತ. "ನಾನು ಫೋನು ಮಾಡುವವರೆಗೆ ಆ ಹಾಳೆಯ ಮೇಲೆ ಪೆನ್ನು ಇಡ್ಲಿಕ್ಕಿಲ್ಲ. ಗೊತ್ತಾಯ್ತಾ?"

"ಕಬ್ಬಿನಹಾಲು?"

"ನೀನು ಕುಡಿ. ನನ್ನ ಲೆಕ್ಕಕ್ಕೆ ಹಾಕು."

*

ಸುತ್ತಮುತ್ತ ದೊಡ್ಡ ಗೂಡು ಎಂದರೆ ಒಂದೇ, ಮುರಳಿಕೃಷ್ಣನದು. ಅಕ್ಕಪಕ್ಕದವರ ಶೀಟೂ ಒಣಗಲು ಬರುವುದು ಅಲ್ಲಿಗೆ. ಐವರ್ನಾಡಿನ ರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತ ಈಶ್ವರಿ ತನ್ನೊಳಗೇ ಲೆಕ್ಕ ಹಾಕಿದಳು. ತನ್ನ ಗೂಡಿನ ಪುಟವನ್ನು ಸರಿಮಾಡಿಕೊಂಡು, ಊರವರ ಪುಟವನ್ನು ಹಾಗೇ ಬಿಡುವವನು ಬೇರೆ ಯಾರು?

ಅಂಗಳದಲ್ಲಿ ಶೀಟು ವಿಂಗಡಿಸುತ್ತಿದ್ದ ಹುಡುಗಿ ಎದ್ದು ಬಂದು ನೀರು, ಬೆಲ್ಲ ತಂದಿಟ್ಟಳು.

"ಮೇಡಂ, ನೀವು ಇನ್ಶೂರೆನ್ಸಿನವರಲ್ವಾ? ಆಸ್ಪತ್ರೆಗೆ ಹೋಗಿದ್ರಾ? ಅಣ್ಣನ ಕೈ ಹೇಗುಂಟು?"

"ಯಾವ ಅಣ್ಣ?"

"ತೀರ್ಥರಾಮ. ನಾನು ಅವನ ತಂಗಿ, ಪ್ರೀತಿಕಾ. ಇಲ್ಲಿಯೇ ಕೆಲಸ. ರಾತ್ರಿ ಒಲೆ ನೋಡ್ಲಿಕ್ಕೆ ಕೂಡ ನಾವು ಹೆಂಗಸರೇ ಸರದಿಯಲ್ಲಿ ಮಲಗುದು."

"ಡಾಕ್ಟ್ರು ಪರವಾಗಿಲ್ಲ ಅಂದರು," ಎಂದಳು ಈಶ್ವರಿ. ಹುಡುಗಿ ಮತ್ತೆ ಶೀಟಿನ ಮುಂದೆ ಹೋಗಿ ಕುಳಿತಳು.

ಮುರಳಿಕೃಷ್ಣ ಗೂಡಿನ ಹಿಂದಿನಿಂದ ಬಂದ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಅಂಗಿಯ ಜೇಬಲ್ಲಿ ಟೆಸ್ಟರು. ಈಶ್ವರಿ ಸುತ್ತುಬಳಸು ಮಾಡದೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಗಟ್ಟಿಯಾಯಿತು.

"ಸಾಫ್ಟ್‌ವೇರ್ ನನ್ನದು, ದೊಡ್ಡ ಗೂಡು ನನ್ನದು. ಹಾಗಾಗಿ ಕಳ್ಳನೂ ನಾನೇ. ಅಷ್ಟೇ ಅಲ್ವಾ ನಿಮ್ಮ ಲೆಕ್ಕ?"

"ಲೆಕ್ಕ ತಪ್ಪಿದ್ದರೆ ತಿದ್ದಿ."

"ಆ ಮಾತುಗಳನ್ನು ಸೇರಿಸ್ಲಿಕ್ಕೆ ನಾನು ಎಷ್ಟು ಮನೆಯ ಮೆಟ್ಟಿಲು ಹತ್ತಿದ್ದೇನೆ ಗೊತ್ತುಂಟಾ ಮಾರಾಯ್ರೆ? ಹೋದಲ್ಲೆಲ್ಲ ಚಾ. ಶುಗರ್ ಬಂದದ್ದೇ ಅದರಿಂದ. ಅದನ್ನು ನಾನು ಹಾಳಾಗ್ಲಿಕ್ಕೆ ಬಿಡ್ತೇನಾ?"

"ಹಾಳಾದದ್ದನ್ನು ನೋಡಿದ ಮೇಲೆ ಹೇಳ್ಲಿಕ್ಕೆ ನಾಚಿಕೆ ಆಗಿರಬಹುದು. ಕರೆಂಟು ಬಂದ ಕೂಡಲೇ ಫ್ಯಾನು ತಿರುಗುವ ಹಾಗೆ ಮಾಡಿಟ್ಟವರು ನೀವೇ ಅಲ್ವಾ? ಊರಿಗೆ ಗೊತ್ತಾದರೆ ಮೊದಲು ಕೇಳುದು ಅದನ್ನೇ."

ಅದು ತಾಗಬೇಕಾದಲ್ಲಿ ತಾಗಿತ್ತು.

"ಅದು ನನ್ನ ತಪ್ಪೇ," ಎಂದ ಕೊನೆಗೆ. "ಫ್ಯಾನು ನಿಂತರೆ ಶೀಟು ಬೂಸ್ಟು ಹಿಡಿಯುತ್ತದೆ ಅಂತ ಹಾಗೆ ಮಾಡಿದ್ದು. ಬದಲು ಮಾಡ್ತೇನೆ, ನಾಳೆ ನಾಳೆ ಅಂತ ಉಳಿಯಿತು. ಆದರೆ ಈ ಪುಟದ್ದು ನನ್ನ ಕೆಲಸ ಅಲ್ಲ. ಎಲ್ಲಿ, ತೋರಿಸಿ."

ಈಶ್ವರಿ ಫೋನು ಕೊಟ್ಟಳು. ಅವನು ಕನ್ನಡಕ ಏರಿಸಿ ಓದಿದ. ಓದುತ್ತಿದ್ದವನು ಇದ್ದಕ್ಕಿದ್ದಂತೆ ನಕ್ಕುಬಿಟ್ಟ.

"ನಾಯಿಯಾ?"

"ಎಂತ ನಾಯಿ?"

"ಇದು ಚೆನ್ನಪ್ಪಣ್ಣ ನನಗೆ ಹೇಳಿದ್ದೇ ಅಲ್ಲ. ಎಬ್ಬಿಸಿದ್ದು ಅಮ್ಮಕ್ಕ. ನಾನೇ ರೆಕಾರ್ಡ್ ಮಾಡಿ ನಾನೇ ಬರೆದದ್ದು. ಅಮ್ಮಕ್ಕ ಸೌಟು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರು. ನಾನು ವಾಪಸು ಹಾಕುದಾದರೆ ನನ್ನಲ್ಲಿ ಹಳೆಯದು ಇಲ್ವಾ? ಹಾಗೇ ತೆಗೆದು ಅಂಟಿಸ್ತಿದ್ದೆ."

ಈಶ್ವರಿ ಫೋನನ್ನು ಕಿತ್ತುಕೊಂಡಳು ಎನ್ನುವಷ್ಟು ವೇಗದಲ್ಲಿ ವಾಪಸು ತೆಗೆದುಕೊಂಡಳು. ಒಂದು ಗಂಟೆಯ ಹಿಂದೆ ಎರಡನ್ನೂ ಕಿವಿಯಾರೆ ಕೇಳಿದ್ದಳು. ಒಂದರಲ್ಲಿ ಹೆಂಡತಿ, ಇನ್ನೊಂದರಲ್ಲಿ ನಾಯಿ. ಬಾಯಿಬಿಟ್ಟು ಓದು ಎಂದು ಮುಹ್ಸಿನಾಳಿಗೆ ಹೇಳಿದವಳು ತಾನು ಕಿವಿಗೊಟ್ಟು ಕೇಳಿರಲಿಲ್ಲ.

ಇದನ್ನು ಬರೆದವನು ಹಳೆಯ ಪುಸ್ತಕವನ್ನು ನೋಡಿ ಬರೆದಿಲ್ಲ. ತಾನು ಕೇಳಿದ್ದನ್ನು ನೆನಪಿನಿಂದ ಬರೆದಿದ್ದಾನೆ.

"ಚೆನ್ನಪ್ಪಣ್ಣನಿಗೆ ಫೋನು ಹಚ್ಚಿ."

ಮೂರನೇ ರಿಂಗಿಗೆ ಚೆನ್ನಪ್ಪ ಎತ್ತಿದ. ಹಿಂದೆ ಘಾಟಿ ಹತ್ತುವ ಲಾರಿಗಳ ಮೊರೆತ.

"ಹೋ, ಮುರಳಿಯಣ್ಣನಾ! ನಮಸ್ಕಾರ ನಮಸ್ಕಾರ. ನಿಮ್ಮಲ್ಲಿ ಕರೆಂಟು ಉಂಟಾ?"

"ಕರೆಂಟು ಉಂಟು. ಒಂದು ಕೇಳ್ಲಿಕ್ಕೆ ಇತ್ತು ಚೆನ್ನಪ್ಪಣ್ಣ. ಅವತ್ತು ಬೆಂಕಿ ಬಿದ್ದಾಗ ನಿಮ್ಮನ್ನು ಎಬ್ಬಿಸಿದ್ದು ಯಾರು?"

ಆಚೆಯಿಂದ ಕೆಮ್ಮು. ಆಮೇಲೆ ಬೇಕಾದ್ದಕ್ಕಿಂತ ದೊಡ್ಡ ಸ್ವರ. "ಅಮ್ಮು! ಅಮ್ಮುವೇ! ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

ಈಶ್ವರಿ ಫೋನಿಗೆ ಬಾಗಿದಳು. "ಅಣ್ಣಾ, ನಾನು ಪುತ್ತೂರಿನ ಈಶ್ವರಿ, ಇನ್ಶೂರೆನ್ಸಿನವಳು. ಅಮ್ಮಕ್ಕ ಹತ್ತಿರವೇ ಇದ್ದಾರಾ?"

"ಒಂದು ನಿಮಿಷ."

ಚಪ್ಪಲಿಯ ಸದ್ದು, ತರಗೆಲೆಯ ಸದ್ದು, ಒಂದು ದನ ಅಂಬಾ ಎಂದದ್ದು.

"ಈಗ ಹೇಳಿ. ಹಟ್ಟಿಯ ಹಿಂದೆ ಬಂದೆ."

"ನಾಯಿಯಾ ಅಣ್ಣ?"

"ನಾಯಿಯೇ," ಎಂದ ಚೆನ್ನಪ್ಪ, ಸ್ವರ ಅರ್ಧಕ್ಕೆ ಇಳಿಸಿ. "ಕಂಬಳಿ ಹಿಡಿದು ಎಳೆಯಿತು. ಅಮ್ಮು ಎದ್ದು ಬರುವಾಗ ನಾನು ಹೊರಗೆ ನಿಂತು ನೀರು ಎರಚ್ತಾ ಇದ್ದೆ. ಆದರೆ ಅವಳು ತವರಿನಲ್ಲೆಲ್ಲ ತಾನೇ ಎಬ್ಬಿಸಿದ್ದು ಅಂತ ಹೇಳಿ ಆಗಿತ್ತು. ಮುರಳಿಯಣ್ಣ ರೆಕಾರ್ಡ್ ಮಾಡುವಾಗ ಪಕ್ಕದಲ್ಲೇ ನಿಂತಿದ್ಲು. ನಾಯಿ ಅಂತ ಹೇಳಿ ಆ ಮನೆಯಲ್ಲಿ ನಾನು ಬದುಕ್ಲಿಕ್ಕೆ ಉಂಟಾ? ಒಮ್ಮೆ ಬೆಂಕಿಯಿಂದ ತಪ್ಪಿದವ ನಾನು, ಎರಡನೇ ಸಲ ತಪ್ಪುದಿಲ್ಲ."

ಮುರಳಿಕೃಷ್ಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಈಶ್ವರಿ ನಗಲಿಲ್ಲ.

"ನಾಯಿಯ ವಿಷಯ ಬೇರೆ ಯಾರಿಗೆಲ್ಲ ಹೇಳಿದ್ದೀರಿ?"

"ಒಬ್ಬನಿಗೆ. ಅಮ್ಮು ಇಲ್ಲದ ದಿವಸ ಬಂದಿದ್ದ. ಹೊಸ ಗೂಡು ಕಟ್ಟುದಿತ್ತು, ಅದಕ್ಕೆ ಮೊದಲು ನನ್ನದು ನೋಡಿ ಹೋಗ್ತೇನೆ ಅಂತ. ಪಾಪದವ. ಎಲ್ಲ ಕೇಳಿಕೊಂಡು, ಹೋಗುವಾಗ ನಾಯಿಗೆ ಒಂದು ಪ್ಯಾಕೆಟ್ ಬಿಸ್ಕೀಟು ಹಾಕಿ ಹೋದ."

"ಯಾರು ಅಣ್ಣ?"

"ಮರ್ಕಂಜದ ತೀರ್ಥರಾಮ. ಅವನ ಗೂಡೇ ಉರಿಯಿತಂತಲ್ಲ? ಅಷ್ಟು ಹೇಳಿ ಕಳಿಸಿದ್ದೆ ಮೇಡಂ. ಹೇಗೆ ಮರೆತನೋ."

ಮುರಳಿಕೃಷ್ಣ ಫೋನು ಇಟ್ಟ.

ಮರೆತಿರಲಿಲ್ಲ. ಗೂಡು ಕಟ್ಟುವ ಮೊದಲೇ ತೀರ್ಥರಾಮನಿಗೆ ಎಲ್ಲ ಗೊತ್ತಿತ್ತು. ಹೊಸ ಕೈಪಿಡಿಯಲ್ಲಿ ಎಚ್ಚರಿಕೆಗಳು ಮಾಯವಾದದ್ದೂ ಗೊತ್ತಾಯಿತು. ಅದು ಅವನಿಗೆ ಬೇಕಿದ್ದ ಸಂದು. ತನ್ನ ಸಣ್ಣ ಗೂಡಿನ ಪುಟವನ್ನು ಖಾಲಿಯೇ ಬಿಟ್ಟ. ಆದರೆ ದೊಡ್ಡ ಗೂಡಿನಲ್ಲಿ ರಾತ್ರಿ ಒಲೆಯ ಪಕ್ಕ ಮಲಗುವವಳು ಅವನ ತಂಗಿ. ಆ ಪುಟವನ್ನು ಹಾಗೇ ಬಿಡಲು ಅವನಿಂದ ಆಗಲಿಲ್ಲ; ಕೇಳಿದ್ದನ್ನು ನೆನಪಿನಿಂದ ಬರೆದು ಹೆಸರಿಲ್ಲದೆ ಕಳಿಸಿದ.

ಈಶ್ವರಿ ಅಂಗಳದ ಕಡೆ ನೋಡಿದಳು. ಪ್ರೀತಿಕಾ ಬೆಳಕಿಗೆ ಒಂದು ಶೀಟು ಹಿಡಿದು ನೋಡುತ್ತಿದ್ದಳು.

ಆಗ ಈಶ್ವರಿಯ ಫೋನು ಹೊಡೆದುಕೊಂಡಿತು. ಮುಹ್ಸಿನಾ. ಹಿಂದೆ ವಾರ್ಡಿನ ಗಲಾಟೆ.

"ಅಕ್ಕ, ಬೈಬೇಡಿ. ನಾನು ಆಸ್ಪತ್ರೆಗೆ ಬಂದೆ. ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. ಅವರ ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ ಅಕ್ಕ, ಮೊಣಕೈವರೆಗೆ. ನೀರು ಕುಡಿಸ್ಲಿಕ್ಕೂ ಬೇರೆಯವರು ಬೇಕು. ಸಹಿ ಹಾಕಿ ಹೋಗ್ತೇನೆ."

"ಹಾಕಿದೆಯಾ?"

"ಪೆನ್ನು ಕೈಯಲ್ಲುಂಟು."

"ಕೆಳಗಿಡು. ಮುಹ್ಸಿನಾ, ಕೇಳ್ತಾ ಉಂಟಾ? ಪೆನ್ನು ಕೆಳಗಿಡು, ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕು, ಹೊರಗೆ ಬಾ. ನಿನ್ನ ಪುಸ್ತಕ ಓದದವ ಅಲ್ಲ ಅವನು. ಓದಿ ತಿದ್ದಿದವ. ಏನೂ ಕೇಳ್ಬೇಡ, ಏನೂ ಹೇಳ್ಬೇಡ. ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿ ಬಾ."

ಆಚೆಯಿಂದ ಹಾಳೆ ಮಡಚಿದ ಸದ್ದು. "ಬಂದೆ ಅಕ್ಕ."

ಮುಹ್ಸಿನಾ ಉಳಿದಳು. ಅಷ್ಟಾಯಿತು.

ಆದರೆ ಅವಳ ಮಾತಿನಲ್ಲಿ ಒಂದು ಈಶ್ವರಿಯ ತಲೆಯಲ್ಲಿ ಸಿಕ್ಕಿಕೊಂಡು ನಿಂತಿತು. ಮೊಣಕೈವರೆಗೆ ಬಟ್ಟೆ. ತಾನೇ ಬೆಂಕಿ ಬೀಳಲೆಂದು ಬಿಟ್ಟವನು ಅಷ್ಟು ಕೈ ಬೇಯಿಸಿಕೊಂಡದ್ದು ಯಾಕೆ?

ಶೀಟು ಹೊರಗೆಳೆಯಲು ನುಗ್ಗಿದೆ ಎಂದು ಅವನು ಹೇಳಿಕೆ ಕೊಟ್ಟಿದ್ದ. ಗೂಡಿನೊಳಗೆ ಅವಳು ಕಂಡದ್ದು ಬೇರೆ. ಕಬ್ಬಿಣದ ಪೈಪುಗಳ ಮೇಲೆ ಕರಗಿದ ರಬ್ಬರು ಸಾಲು ಸಾಲಾಗಿ, ಹಾಕಿದ ಹಾಗೇ, ಕಪ್ಪುಗಟ್ಟಿ ನಿಂತಿತ್ತು. ಒಂದು ಶೀಟನ್ನೂ ಯಾರೂ ಎಳೆದ ಗುರುತಿರಲಿಲ್ಲ. ಮೂಲೆಯ ನೆಲದಲ್ಲಿ ಮಾತ್ರ ಒಂದು ಚೌಕ ಮಸಿ ಹಿಡಿಯದೆ ಬೆಳ್ಳಗೆ ಉಳಿದಿತ್ತು. ಹಲಗೆ ಇಟ್ಟಿದ್ದರೇನೋ ಎಂದುಕೊಂಡು ಫೋಟೋ ತೆಗೆದು ಮರೆತಿದ್ದಳು.

ಅಲ್ಲಿ ಏನೋ ಇತ್ತು. ಉರಿಯುವಾಗಲೂ ಇತ್ತು. ಆಮೇಲೆ ಇರಲಿಲ್ಲ. ಅದನ್ನು ಹೊರಗೆ ತರಲೆಂದೇ ಅವನು ಕೈ ಬೇಯಿಸಿಕೊಂಡದ್ದು.

ಅವಳು ಅಂಗಳಕ್ಕಿಳಿದು ಪ್ರೀತಿಕಾಳ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ಮಗಾ, ಬೆಂಕಿ ಬಿದ್ದ ದಿನ ಅಣ್ಣ ಸೀದಾ ಆಸ್ಪತ್ರೆಗೆ ಹೋದದ್ದಾ? ಕರಕೊಂಡು ಹೋದ ಜೀಪನ್ನು ಮಧ್ಯೆ ಎಲ್ಲಿಯೂ ನಿಲ್ಲಿಸ್ಲಿಲ್ವಾ?"

"ಇಲ್ಲ ಮೇಡಂ. ಸೀದಾ ಹೋದದ್ದು."

ಬಾಯಿ ಹಾಗೆ ಹೇಳಿತು. ಕಣ್ಣು ಮಾತ್ರ ಈಶ್ವರಿಯ ಹೆಗಲಿನಾಚೆ, ಗೂಡಿನ ಪಕ್ಕದ, ಮಾರುವಾಗ ಮಾತ್ರ ತೆರೆಯುವ ಶೀಟು ಗೋದಾಮಿನ ಬಾಗಿಲಿಗೆ ಹೋಗಿ ಬಂತು.

ಈಶ್ವರಿ ತಿರುಗಿ ನೋಡಿದಳು. ಬಾಗಿಲಿಗೆ ಫಳಫಳಿಸುವ ಹಿತ್ತಾಳೆಯ ಬೀಗ.

"ಮುರಳಿಯಣ್ಣ," ಎಂದಳು, ಎದ್ದು ಸೀರೆಯ ಧೂಳು ಕೊಡವುತ್ತ. "ಆ ಗೋದಾಮಿನ ಕೀ ಕೊಡಿ."

ಮುರಳಿಕೃಷ್ಣ ಸೊಂಟದ ಕೀಗೊಂಚಲು ತೆಗೆದು ಒಂದೊಂದಾಗಿ ಸರಿಸಿದ. ಆಮೇಲೆ ಬಾಗಿಲ ಹತ್ತಿರ ಹೋಗಿ, ಬೀಗವನ್ನು ಅಂಗೈಯಲ್ಲಿ ಎತ್ತಿ ನೋಡಿದ.

"ಇದು ನನ್ನ ಬೀಗ ಅಲ್ಲ ಮಾರಾಯ್ರೆ."